ಮೂರು ಪಟ್ಟಿಯ ನಾಯಕತ್ವ: ಭಾರತೀಯ ಸೇನೆಯಲ್ಲಿ ಹವಾಲ್ದಾರ ರೂಪುಗೊಳ್ಳುವ ಬಗೆ

ಭಾರತೀಯ ಸೇನೆಯ ಕಾಲ್ದಳದಲ್ಲಿ ಅತಿ ಚಿಕ್ಕ ಹೋರಾಟದ ಘಟಕ ಸೆಕ್ಷನ್. ಸುಮಾರು ಹತ್ತು ಜನರ ಈ ಗುಂಪಿನ ಮುಖ್ಯಸ್ಥ ತೋಳಿನ ಮೇಲೆ ಮೂರು ಪಟ್ಟಿ ಧರಿಸಿದ ಹವಾಲ್ದಾರ, ಇಲ್ಲವೇ ಎರಡು ಪಟ್ಟಿಯ ನಾಯಕ್. ಒಂದು ಪಟ್ಟಿಯ ಲ್ಯಾನ್ಸ್ ನಾಯಕ್ ಅವನ ನಂತರದವನು. ಅಶ್ವದಳದಿಂದ ಬೆಳೆದ ಟ್ಯಾಂಕ್ ರೆಜಿಮೆಂಟುಗಳಲ್ಲಿ ಇದೇ ದರ್ಜೆಗಳಿಗೆ ಲ್ಯಾನ್ಸ್ ದಫೇದಾರ್, ದಫೇದಾರ್ ಎಂಬ ಹೆಸರುಗಳಿವೆ. ಇವರೆಲ್ಲರನ್ನೂ ಒಟ್ಟಾಗಿ ನಾನ್ ಕಮಿಷನ್ಡ್ ಆಫೀಸರ್, ಚಿಕ್ಕದಾಗಿ ಎನ್‌ಸಿಒ ಎನ್ನುತ್ತಾರೆ. ಕಮಿಷನ್ ಎಂಬ ಅಧಿಕಾರಪತ್ರ ಇವರಿಗಿಲ್ಲ. ಸಿಪಾಯಿಯಾಗಿ ಸೇರಿ, ಸಿಪಾಯಿಗಳ ನಡುವೆಯೇ ಬೆಳೆದು, ಅವರನ್ನೇ ಮುನ್ನಡೆಸುವವರು ಇವರು.

ಹವಾಲ್ದಾರ ಎಂಬ ದರ್ಜೆ ಒಂದೇ ಆದರೂ ಹೊಣೆ ಬೇರೆಬೇರೆ. ಕಂಪನಿ ಹವಾಲ್ದಾರ್ ಮೇಜರ್ ಮುಂಜಾನೆಯ ಫಾಲ್‌ಇನ್‌ನಿಂದ ರಾತ್ರಿಯ ಹಾಜರಿಯವರೆಗೆ ನೂರಕ್ಕೂ ಮಿಕ್ಕ ಜನರ ಶಿಸ್ತು ನೋಡಿಕೊಳ್ಳುತ್ತಾನೆ. ಯಾರು ಪಹರೆಗೆ, ಯಾರು ಲಂಗರಿನ ಕೆಲಸಕ್ಕೆ, ಯಾರು ರಜೆಗೆ ಎಂಬ ಲೆಕ್ಕ ಅವನದು. ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರನ ಕೈಯಲ್ಲಿ ಪಡಿತರ, ಬಟ್ಟೆ, ಮದ್ದುಗುಂಡುಗಳ ಉಗ್ರಾಣವಿರುತ್ತದೆ. ತರಬೇತಿ ಕೇಂದ್ರಗಳಲ್ಲಿ ಹೊಸ ಹುಡುಗರಿಗೆ ಕವಾಯತು, ಬಂದೂಕು, ನಕ್ಷೆ ಕಲಿಸುವವನೂ ಇದೇ ದರ್ಜೆಯವನು. ಅವನನ್ನು ಹುಡುಗರು ಉಸ್ತಾದ್ ಎನ್ನುತ್ತಾರೆ. ನಿವೃತ್ತ ಸೈನಿಕರು ತಮ್ಮ ಮೊದಲ ಕರ್ನಲ್‌ನ ಹೆಸರು ಮರೆತರೂ ಮೊದಲ ಉಸ್ತಾದನ ಹೆಸರು ಮರೆಯುವುದು ಅಪರೂಪ.

ಭಾರತೀಯ ಎನ್‌ಸಿಒನ ಸ್ಥಿತಿಯನ್ನು ಬೇರೆ ದೇಶಗಳವರಿಂದ ಬೇರ್ಪಡಿಸುವ ಸಂಗತಿ ಅವನ ತಲೆಯ ಮೇಲಿರುವ ಇನ್ನೊಂದು ಪದರ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು ದರ್ಜೆಗಳ ಜೂನಿಯರ್ ಕಮಿಷನ್ಡ್ ಆಫೀಸರುಗಳು, ಅಂದರೆ ಜೆಸಿಒಗಳು, ಎನ್‌ಸಿಒಗೂ ಅಧಿಕಾರಿಗೂ ನಡುವೆ ನಿಲ್ಲುತ್ತಾರೆ. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಸಾಮಾನ್ಯವಾಗಿ ಕಿರಿಯ ಲೆಫ್ಟಿನೆಂಟ್ ನಡೆಸುವ ಪ್ಲಟೂನನ್ನು ಇಲ್ಲಿ ಬಹುಮಟ್ಟಿಗೆ ಜೆಸಿಒ ನಡೆಸುತ್ತಾನೆ. ಪಾಕಿಸ್ತಾನವೂ ಬಾಂಗ್ಲಾದೇಶವೂ ಈ ಪದರವನ್ನು ಉಳಿಸಿಕೊಂಡಿವೆ. ಒಳ್ಳೆಯ ಎನ್‌ಸಿಒ ಒಳ್ಳೆಯ ತರಬೇತಿಯಿಂದ ಹುಟ್ಟುತ್ತಾನೆ ಎಂಬ ನಂಬಿಕೆ ಎಲ್ಲ ಸೇನೆಗಳಲ್ಲೂ ಇದೆ. ಭಾರತದ ಎರಡೂವರೆ ಶತಮಾನದ ಅನುಭವ ನೋಡಿದರೆ ತರಬೇತಿಗಿಂತ ಮುಖ್ಯವಾದದ್ದು ಮೇಲಿನವನು ಎಷ್ಟು ಅಧಿಕಾರ ಬಿಟ್ಟುಕೊಟ್ಟ ಎಂಬುದು. ಬಿಟ್ಟುಕೊಟ್ಟ ಕಡೆ ನಾಯಕತ್ವ ಬೆಳೆದಿದೆ, ಹಿಡಿದಿಟ್ಟುಕೊಂಡ ಕಡೆ ಬಾಡಿದೆ.

ಕತೆ ಶುರುವಾಗುವುದು ಮದರಾಸಿನ ಕರಾವಳಿಯಲ್ಲಿ. 1748ರಲ್ಲಿ ಸ್ಟ್ರಿಂಜರ್ ಲಾರೆನ್ಸ್ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳ ಹೊಣೆ ಹೊತ್ತು ಬಂದಾಗ ಕೋಟೆ ಕಾಯುವ ದೇಶಿ ಜನ ಚದುರಿದ ಗುಂಪಾಗಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಅವರು ಕಂಪನಿ ಎಂಬ ದಳಗಳಾಗಿ, ಆಮೇಲೆ ಬೆಟಾಲಿಯನ್‌ಗಳಾಗಿ ಕೂಡಿದರು. ಪ್ರತಿ ಕಂಪನಿಗೆ ಒಬ್ಬ ಸುಬೇದಾರ, ಅವನ ಕೆಳಗೆ ಜಮಾದಾರ, ಹವಾಲ್ದಾರ, ನಾಯಕ್. ಬೆಟಾಲಿಯನ್‌ನಲ್ಲಿ ಯುರೋಪಿಯನ್ನರು ಬೆರಳೆಣಿಕೆಯಷ್ಟೇ ಇದ್ದುದರಿಂದ ಸುಬೇದಾರ ಹೆಸರಿಗಷ್ಟೇ ನಾಯಕನಾಗಿರಲಿಲ್ಲ. ತನ್ನ ಕಂಪನಿಯನ್ನು ಯುದ್ಧಭೂಮಿಗೆ ಕರೆದೊಯ್ಯುವವನು ಅವನೇ ಆಗಿದ್ದ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಕಟ್ಟಿದ ಕವಾಯತಿನ ಕಾಲ್ದಳದಲ್ಲೂ ದರ್ಜೆಗಳ ಸ್ಪಷ್ಟ ಸಾಲು ಇತ್ತು. ಕುಶೂನ್ ಎಂಬ ದೊಡ್ಡ ಘಟಕಕ್ಕೆ ಸಿಪಹದಾರ, ಅದರೊಳಗಿನ ರಿಸಾಲೆಗೆ ರಿಸಾಲದಾರ, ಅದಕ್ಕೂ ಕೆಳಗೆ ಜೌಕ್‌ದಾರ. ಟಿಪ್ಪುವಿನ ಆಶ್ರಯದಲ್ಲಿ ಸಿದ್ಧವಾದ ‘ಫತ್ಹುಲ್ ಮುಜಾಹಿದೀನ್’ ಎಂಬ ಪಾರಸಿ ಕೈಪಿಡಿ ಈ ಸೇನೆಯ ಕವಾಯತು, ಕಟ್ಟುಪಾಡುಗಳನ್ನು ಬರಹಕ್ಕಿಳಿಸಿತು. ಕಂಪನಿಯ ಪಡೆಯಂತೆ ಇಲ್ಲಿ ಇಡೀ ಸಾಲಿನ ಮೇಲೆ ಪರದೇಶಿ ಅಧಿಕಾರಿವರ್ಗ ಕೂತಿರಲಿಲ್ಲ. ಕೆಳಗಿನವನಿಗೆ ಮೇಲೇರುವ ದಾರಿಗೆ ಅಂಥ ಅಡ್ಡಗೋಡೆ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಪ್ರಯೋಗ ಅಲ್ಲಿಗೇ ನಿಂತಿತು.

ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ತಿರುವು ಬಂದದ್ದು 1796ರ ಪುನರ್‌ವ್ಯವಸ್ಥೆಯಲ್ಲಿ. ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಒಮ್ಮೆಲೇ ಏರಿತು, ಸುಬೇದಾರನ ಕೈಯಲ್ಲಿದ್ದ ಕಂಪನಿ ಅವರ ಕೈಗೆ ಹೋಯಿತು. ಸುಬೇದಾರನ ಸಂಬಳ, ಮರ್ಯಾದೆ ಉಳಿದವು, ಕೆಲಸ ಉಳಿಯಲಿಲ್ಲ. ಇದಕ್ಕೆ ಬಂಗಾಳ ಸೇನೆಯ ಇನ್ನೊಂದು ಪದ್ಧತಿಯೂ ಸೇರಿಕೊಂಡಿತು. ಅಲ್ಲಿ ಬಡ್ತಿ ಕೇವಲ ಸೇವಾ ಹಿರಿತನದ ಮೇಲೆ. ಸೀತಾರಾಮ್ ಎಂಬ ಸಿಪಾಯಿಯ ಹೆಸರಿನಲ್ಲಿ ಪ್ರಕಟವಾದ ಆತ್ಮಕಥನದ ಪ್ರಕಾರ ಅವನು 1812ರಲ್ಲಿ ಸೇರಿದವನು, ಸುಬೇದಾರನಾಗಿ ನಿವೃತ್ತನಾದದ್ದು 1860ರಲ್ಲಿ. ಆ ಪುಸ್ತಕ ಎಷ್ಟರ ಮಟ್ಟಿಗೆ ಅವನದೇ ಎಂಬ ಚರ್ಚೆ ಇದ್ದೇ ಇದೆ. ಆದರೆ ಮುಪ್ಪಿನಲ್ಲಿ ಕೈಗೆ ಬರುವ ದರ್ಜೆ ಆ ಸೇನೆಯಲ್ಲಿ ಮಾಮೂಲಾಗಿತ್ತೆಂಬುದರಲ್ಲಿ ಅನುಮಾನವಿಲ್ಲ.

ಹೀಗೆ ಅದುಮಿಟ್ಟ ಸಾಮರ್ಥ್ಯ ಎಷ್ಟಿತ್ತೆಂಬುದನ್ನು 1857 ತೋರಿಸಿತು. ದಂಗೆಯೆದ್ದ ರೆಜಿಮೆಂಟುಗಳು ಬ್ರಿಟಿಷ್ ಅಧಿಕಾರಿಗಳಿಲ್ಲದೆಯೂ ದಳವಾಗಿ ನಡೆದವು, ದಿಲ್ಲಿಗೆ ಬಂದು ತಿಂಗಳುಗಟ್ಟಲೆ ಕಾದಾಡಿದವು. ಅಲ್ಲಿ ಸೇನೆಯ ಮುಖ್ಯ ಹೊಣೆ ಹೊತ್ತ ಬಖ್ತ್ ಖಾನ್ ಕಂಪನಿಯ ಫಿರಂಗಿ ದಳದಲ್ಲಿ ಸುಬೇದಾರನಾಗಿದ್ದವನು. ದೀರ್ಘಕಾಲ ಸೇವೆ ಸಲ್ಲಿಸಿದ ಅವನಿಗೆ ಕಂಪನಿ ಕೊಟ್ಟಿದ್ದು ಸುಬೇದಾರಿಕೆ ಮಾತ್ರ.

ದಂಗೆಯ ನಂತರ ಬ್ರಿಟಿಷರು ಬೆಟಾಲಿಯನ್ನಿಗೆ ಆರೇಳು ಯುರೋಪಿಯನ್ ಅಧಿಕಾರಿಗಳನ್ನಷ್ಟೇ ಇಡುವ ಹಳೆಯ ಪದ್ಧತಿಗೆ ಮರಳಿದರು. ಸುಬೇದಾರನಿಗೆ ಕಂಪನಿ ಮತ್ತೆ ಸಿಕ್ಕಿತು. ಆದರೆ 1900ರ ಹೊತ್ತಿಗೆ ಎರಡೆರಡು ಕಂಪನಿಗಳನ್ನು ಜೋಡಿಸಿ ಬ್ರಿಟಿಷ್ ಅಧಿಕಾರಿಗೆ ಒಪ್ಪಿಸುವ ವ್ಯವಸ್ಥೆ ಬಂದು, ಕೊಟ್ಟದ್ದರಲ್ಲಿ ಅರ್ಧ ಮರಳಿ ಹೋಯಿತು. ಸುಬೇದಾರನ ಮುಖ್ಯ ಕೆಲಸ ಈಗ ಮಧ್ಯಸ್ಥಿಕೆಯಾಯಿತು. ಸಿಪಾಯಿಯ ಭಾಷೆ, ಜಾತಿ, ಹಬ್ಬ, ಊರಿನ ವ್ಯಾಜ್ಯ ಇವನ್ನೆಲ್ಲ ಸಾಹೇಬನಿಗೆ ತಿಳಿಸುವುದು, ಸಾಹೇಬನ ಮಾತನ್ನು ಸಿಪಾಯಿಗೆ ಮುಟ್ಟಿಸುವುದು. ವೈಸ್‌ರಾಯ್ಸ್ ಕಮಿಷನ್ಡ್ ಆಫೀಸರ್ ಎಂಬ ಹೆಸರು ಮುಂದೆ ಬಂದರೂ ಆ ಹುದ್ದೆಯ ಸ್ವಭಾವ ನಿರ್ಧಾರವಾದದ್ದು ಇಲ್ಲಿಯೇ.

ಇದರ ಬೆಲೆ ತೆತ್ತದ್ದು 1914–15ರ ಫ್ರಾನ್ಸಿನಲ್ಲಿ. ಬ್ರಿಟಿಷ್ ಅಧಿಕಾರಿಗಳು ಕೆಲವೇ ವಾರಗಳಲ್ಲಿ ಗುಂಡಿಗೆ ಬಲಿಯಾದಾಗ ಭಾರತೀಯ ಬೆಟಾಲಿಯನ್‌ಗಳು ತತ್ತರಿಸಿದವು. ಸಿಪಾಯಿಗಳಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಮೊದಲ ಭಾರತೀಯ ವಿಕ್ಟೋರಿಯಾ ಕ್ರಾಸ್ ಪಡೆದ ಸಿಪಾಯಿ ಖುದಾದಾದ್ ಖಾನ್, ಆ ಚಳಿಗಾಲದಲ್ಲೇ ಅದನ್ನು ಪಡೆದ ನಾಯಕ್ ದರ್ವಾನ್ ಸಿಂಗ್ ನೇಗಿ ಇಬ್ಬರೂ ಅದೇ ಪಶ್ಚಿಮ ರಂಗದವರು. ಕೊರತೆ ಇದ್ದದ್ದು ಸಾಹೇಬನಿಲ್ಲದೆ ಹತ್ತಾರು ಜನರನ್ನು ನಡೆಸುವ ಅಭ್ಯಾಸದಲ್ಲಿ; ಅದಕ್ಕೆ ಬೇಕಾದ ಅಧಿಕಾರವನ್ನು ಮುಂಚೆ ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಅದೇ ಯುದ್ಧ ಜಗತ್ತಿನಾದ್ಯಂತ ಎನ್‌ಸಿಒನ ಕೆಲಸವನ್ನೇ ಬದಲಿಸಿತು. ಅದಕ್ಕೆ ಮುಂಚೆ ಸಾರ್ಜೆಂಟ್ ಎಂದರೆ ಸಾಲು ನೇರವಾಗಿರುವಂತೆ, ಯಾರೂ ಹಿಂದೆ ಓಡದಂತೆ ನೋಡಿಕೊಳ್ಳುವವನು. ಮೆಷಿನ್‌ಗನ್‌ನ ಎದುರು ಸಾಲಾಗಿ ನಡೆಯುವುದೇ ಅಸಾಧ್ಯವಾದಾಗ ಯುದ್ಧ ಸಣ್ಣ ಗುಂಪುಗಳ ಕೈಗೆ ಬಂತು. ಜರ್ಮನರ ಸ್ಟೊಸ್‌ಟ್ರುಪ್ ದಾಳಿ ತಂಡಗಳಲ್ಲಿ ನಿರ್ಧಾರ ಎನ್‌ಸಿಒಗೆ ಇಳಿಯಿತು. ಬ್ರಿಟಿಷರು 1917ರ ಫೆಬ್ರವರಿಯ ತರಬೇತಿ ಕೈಪಿಡಿಯಲ್ಲಿ ಪ್ಲಟೂನನ್ನೇ ಸ್ವತಂತ್ರವಾಗಿ ಹೋರಾಡಬಲ್ಲ ಘಟಕವೆಂದು ಒಪ್ಪಿದರು. ಎಡಕ್ಕೆ ಸುತ್ತಬೇಕೋ, ನೇರ ನುಗ್ಗಬೇಕೋ, ಬಿದ್ದಲ್ಲೇ ಇರಬೇಕೋ ಎಂಬುದನ್ನು ಇನ್ನು ಮೇಲೆ ಎಂಟು ಹತ್ತು ಜನರ ಮುಖ್ಯಸ್ಥ ತಾನೇ ತೀರ್ಮಾನಿಸಬೇಕಾಯಿತು. ಇಂದಿನ ಎನ್‌ಸಿಒ ಹುಟ್ಟಿದ್ದು ಆ ಅಗತ್ಯದಿಂದ. ವರ್ಸೇಲ್ಸ್ ಒಪ್ಪಂದ ಜರ್ಮನ್ ಸೇನೆಯನ್ನು ಒಂದು ಲಕ್ಷಕ್ಕೆ ಕಟ್ಟಿಹಾಕಿದಾಗ ಅವರು ಪ್ರತಿಯೊಬ್ಬನಿಗೂ ತನ್ನ ಮೇಲಿನ ಹುದ್ದೆಯ ಕೆಲಸ ಕಲಿಸಿದರು. 1930ರ ದಶಕದಲ್ಲಿ ಸೇನೆ ಏಕಾಏಕಿ ಹಿಗ್ಗಿದಾಗ ಆ ಹೂಡಿಕೆ ಅವರ ಕೈ ಹಿಡಿಯಿತು. ಅದು ಯಾವ ರಾಜಕೀಯದ ಸೇವೆಗೆ ಹೋಯಿತೆಂಬುದು ಬೇರೆ ಮಾತು.

ಭಾರತದಲ್ಲಿ ಎರಡು ಯುದ್ಧಗಳ ನಡುವೆ ಒಂದು ವಿಚಿತ್ರ ಪ್ರಯೋಗ ನಡೆಯಿತು. ಭಾರತೀಯರಿಗೆ ಪೂರ್ಣ ಕಮಿಷನ್ ಕೊಡಲೇಬೇಕಾದಾಗ ಸರ್ಕಾರ 1923ರಲ್ಲಿ ಎಂಟು ಘಟಕಗಳನ್ನು ಆರಿಸಿ ಅವರನ್ನು ಅಲ್ಲಿಗಷ್ಟೇ ಸೀಮಿತಗೊಳಿಸಿತು. ಮುಂದೆ ಅಂಥ ಘಟಕಗಳಲ್ಲಿ ಸುಬೇದಾರ, ಜಮಾದಾರರನ್ನು ಹಂತಹಂತವಾಗಿ ತೆಗೆದು, ಪ್ಲಟೂನುಗಳನ್ನು ಯುವ ಭಾರತೀಯ ಅಧಿಕಾರಿಗಳಿಗೆ ಕೊಡಲು ಹೊರಟರು. ಬೇರೆ ಘಟಕಗಳಲ್ಲಿ ಸುಬೇದಾರ ಮಾಡುತ್ತಿದ್ದ ಕೆಲಸವನ್ನೇ ತಮಗೆ ಕೊಟ್ಟಿದ್ದಾರೆ ಎಂದು ಅಧಿಕಾರಿಗಳು ನೊಂದುಕೊಂಡರು. ಸಿಪಾಯಿಗೆ ಏರಬಹುದಾಗಿದ್ದ ಮೆಟ್ಟಿಲೇ ಇಲ್ಲವಾಯಿತು. ಎರಡನೆಯ ಮಹಾಯುದ್ಧ ಬಂದಾಗ ಈ ಪ್ರಯೋಗವನ್ನು ಕೈಬಿಟ್ಟರು. ಬ್ರಿಟಿಷ್ ಸೇನೆ 1938ರಲ್ಲಿ ತನ್ನ ಹಿರಿಯ ಎನ್‌ಸಿಒಗಳಿಗೆ ಮೂರನೆ ದರ್ಜೆಯ ವಾರೆಂಟ್ ಕೊಟ್ಟು ಪ್ಲಟೂನುಗಳನ್ನು ಒಪ್ಪಿಸಿ ನೋಡಿತು. ಅಂದರೆ ಭಾರತದಲ್ಲಿ ಬೇಡವೆಂದು ತೆಗೆಯಹೊರಟ ವ್ಯವಸ್ಥೆಯಂಥದನ್ನೇ ಅಲ್ಲಿ ತರಹೊರಟಿದ್ದರು! ಅದೂ ಎರಡು ವರ್ಷಗಳಲ್ಲಿ ನಿಂತಿತು.

ಯುದ್ಧ ಆರಂಭವಾದಾಗ ಎರಡು ಲಕ್ಷದ ಆಸುಪಾಸಿನಲ್ಲಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ ಸುಮಾರು ಇಪ್ಪತ್ತೈದು ಲಕ್ಷವಾಗಿತ್ತು. ಇಷ್ಟು ದೊಡ್ಡ ಪಡೆಗೆ ಹವಾಲ್ದಾರರನ್ನು ಎಲ್ಲಿಂದ ತರುವುದು? ಹಳಬರನ್ನು ಹೊಸ ಬೆಟಾಲಿಯನ್‌ಗಳಿಗೆ ಹಂಚಿದಷ್ಟೂ ಹಳೆಯ ಬೆಟಾಲಿಯನ್‌ಗಳು ಸೊರಗಿದವು. ಬರ್ಮಾದ ಮೊದಲ ಸೋಲುಗಳಲ್ಲಿ ಇದರ ಪಾಲು ದೊಡ್ಡದು. 1943ರಲ್ಲಿ ಕಾಲ್ದಳದ ಸ್ಥಿತಿ ನೋಡಲು ಸಮಿತಿ ಕೂತಿತು. 14 ಮತ್ತು 39ನೇ ಡಿವಿಷನ್‌ಗಳನ್ನು ಯುದ್ಧದಿಂದ ಹಿಂತೆಗೆದು ಕಾಡಿನ ಕಾಳಗ ಕಲಿಸುವ ತರಬೇತಿ ಡಿವಿಷನ್‌ಗಳನ್ನಾಗಿ ಮಾಡಲಾಯಿತು. ಕಾಡಿನಲ್ಲಿ ಹತ್ತು ಗಜದಾಚೆ ಏನೂ ಕಾಣುವುದಿಲ್ಲ, ಕಂಪನಿ ಕಮಾಂಡರನ ಕೂಗು ಕೇಳಿಸುವುದಿಲ್ಲ. ಗಸ್ತು ಹೋದ ನಾಯಕ್ ತಾನೇ ದಾರಿ ಹುಡುಕಿ, ತಾನೇ ಹೊಂಚು ಹಾಕಿ, ತಾನೇ ವರದಿ ತರಬೇಕು. 1944–45ರಲ್ಲಿ ಬ್ರಿಟಿಷ್ ಜನರಲ್ ಸ್ಲಿಮ್ ನಾಯಕತ್ವದ 14ನೇ ಸೇನೆ ಗೆದ್ದದ್ದರಲ್ಲಿ ಈ ಸಣ್ಣ ಗಸ್ತುಗಳ ಪಾತ್ರ ಹಿರಿದು.

ಆ ಕಾಲದ ಎನ್‌ಸಿಒಗೆ ಒಳ್ಳೆಯ ಉದಾಹರಣೆ ಕರ್ನಾಟಕದವರೇ ಆದ ರಾಮ ರಾಘೋಬ ರಾಣೆ. ಕಾರವಾರ ಸಮೀಪದ ಚೆಂಡಿಯಾ ಮೂಲದ ರಾಣೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸೈನಿಕನಾಗಿ ಸೇರಿದರು. ಬರ್ಮಾದ ಅರಾಕಾನ್‌ನಲ್ಲಿ ಪಡೆ ಹಿಂದೆ ಸರಿಯುವಾಗ ಶತ್ರುವಿನ ಕೈಗೆ ಸಿಗಬಾರದ ಸಾಮಗ್ರಿಗಳನ್ನು ನಾಶಮಾಡಲು ಎರಡು ಸೆಕ್ಷನ್‌ಗಳೊಂದಿಗೆ ಅವರನ್ನು ಹಿಂದೆ ಬಿಡಲಾಯಿತು. ಜಪಾನಿ ಪಹರೆಗಳ ಕಣ್ತಪ್ಪಿಸಿ ಅವರು ತಮ್ಮವರನ್ನು ಕರೆತಂದರು, ಹವಾಲ್ದಾರರಾದರು. ಮುಂದೆ ಜಮಾದಾರ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ಹಾದಿಯ ನೆಲಬಾಂಬು, ಮರದಡ್ಡಿಗಳನ್ನು ಗುಂಡಿನ ಮಳೆಯಲ್ಲಿ ತೆರವು ಮಾಡಿ ಟ್ಯಾಂಕುಗಳಿಗೆ ದಾರಿ ಬಿಡಿಸಿದ್ದಕ್ಕೆ ಅವರಿಗೆ ಪರಮವೀರ ಚಕ್ರ ಸಂದಿತು. ಪ್ರಶಸ್ತಿ ಬಂದದ್ದು ಅಧಿಕಾರಿಯ ಹೆಸರಿಗೆ. ಆದರೆ ಅಲ್ಲಿ ಮಾಡಿದ ಕೆಲಸ ಹವಾಲ್ದಾರಿಕೆಯಲ್ಲಿ ಪಳಗಿದ ಕೈಯದು.

ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ನಾಯಕ್ ಯಶವಂತ ಘಾಡ್ಗೆ ಅವರದು ಸೆಕ್ಷನ್ ಕಮಾಂಡರ್ ಹುದ್ದೆಯ ಇನ್ನೊಂದು ಮುಖ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಮೆಷಿನ್‌ಗನ್ ಗುಂಡಿಗೆ ಅವರ ಸೆಕ್ಷನ್‌ನ ಉಳಿದವರೆಲ್ಲರೂ ಸತ್ತರು ಇಲ್ಲವೇ ಗಾಯಗೊಂಡರು. ನಡೆಸಲು ಯಾರೂ ಉಳಿಯದಿದ್ದಾಗ ಘಾಡ್ಗೆ ಒಬ್ಬರೇ ನುಗ್ಗಿ ಆ ಮೆಷಿನ್‌ಗನ್ ಠಾಣೆಯನ್ನು ಮುಗಿಸಿದರು, ಅಲ್ಲೇ ಮಡಿದರು. ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ, ಇಟಲಿಯಲ್ಲೇ, ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಹ್ಮಣ್ಯನ್ ಸಿಡಿಯುತ್ತಿದ್ದ ನೆಲಬಾಂಬಿನ ಮೇಲೆ ಬಿದ್ದು ಜೊತೆಗಿದ್ದವರನ್ನು ಉಳಿಸಿದರು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು.

ಸ್ವಾತಂತ್ರ್ಯ ಬಂದ ಮೇಲೆ ವೈಸ್‌ರಾಯ್ ಹೋದ, ಅವನ ಕಮಿಷನ್ ಪಡೆದವರು ಉಳಿದರು. ಹೆಸರು ಜೆಸಿಒ ಎಂದಾಯಿತು. 1965ರಲ್ಲಿ ಜಮಾದಾರ ನಾಯಬ್ ಸುಬೇದಾರನಾದ. ಅಧಿಕಾರಿಯೂ ಸಿಪಾಯಿಯೂ ಒಂದೇ ದೇಶದವರಾದ ಮೇಲೆ ಮಧ್ಯಸ್ಥ ಯಾಕೆ ಎಂಬ ಪ್ರಶ್ನೆ ಆಗಲೇ ಇತ್ತು. ಉಳಿಸಿಕೊಳ್ಳಲು ಕಾರಣಗಳೂ ಇದ್ದವು. ಹಳ್ಳಿಯಿಂದ ಬಂದ ಸಿಪಾಯಿಗೆ ನಿವೃತ್ತಿಯ ಹೊತ್ತಿಗೆ ತಲುಪಬಹುದಾದ ಗೌರವದ ಹುದ್ದೆ ಒಂದಿರಬೇಕು. ಅಧಿಕಾರಿ ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾನೆ, ಸುಬೇದಾರ ಪಲ್ಟನ್ನಿನ ನೆನಪನ್ನು ಹೊತ್ತು ಅಲ್ಲೇ ಇರುತ್ತಾನೆ. ಅಧಿಕಾರಿಗಳ ಕೊರತೆ ಎಂದೂ ತೀರದ ಸೇನೆಯಲ್ಲಿ ಪ್ಲಟೂನುಗಳನ್ನು ನಡೆಸಲು ಅನುಭವಿಗಳು ಬೇಕೇ ಬೇಕು. ಈ ಮೂರರಲ್ಲಿ ಮೂರನೆಯದೇ ನಿಜವಾಗಿ ತೂಕವುಳ್ಳದ್ದು.

ಇದುವರೆಗೆ 21 ಮಂದಿಗೆ ಪರಮವೀರ ಚಕ್ರ ಸಂದಿದೆ. ಅವರಲ್ಲಿ ಐವರು ಎನ್‌ಸಿಒಗಳು, ಇಬ್ಬರು ಜೆಸಿಒಗಳು. ಲ್ಯಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ಕಂಪನಿ ಹವಾಲ್ದಾರ್ ಮೇಜರ್ ಪೀರು ಸಿಂಗ್ ಟಿಥ್ವಾಲ್‌ನಲ್ಲಿ, ನಾಯಕ್ ಜದುನಾಥ್ ಸಿಂಗ್ ತೈನ್‌ಧಾರ್‌ನಲ್ಲಿ, ಮೂವರೂ 1948ರಲ್ಲಿ ಹೋರಾಡಿದವರು. ಜದುನಾಥ್ ಸಿಂಗ್ ಕೈಯಲ್ಲಿದ್ದದ್ದು ಒಂಬತ್ತು ಜನರ ಮುಂಚೂಣಿ ಠಾಣೆ. ಮೇಲಿಂದ ಮೇಲೆ ಬಂದ ದಾಳಿಗಳಲ್ಲಿ ಜೊತೆಗಾರರೆಲ್ಲ ಬಿದ್ದ ಮೇಲೂ ಅವರು ಠಾಣೆ ಬಿಡಲಿಲ್ಲ. 1965ರ ಖೇಮಕರಣ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಡೆದ ಅಬ್ದುಲ್ ಹಮೀದ್ ದರ್ಜೆಯಿಂದ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ, ಅಂದರೆ ಉಗ್ರಾಣದ ಮನುಷ್ಯ. ಜೀಪಿನ ಮೇಲಿನ ರಿಕಾಯಿಲ್‌ಲೆಸ್ ಗನ್‌ನಲ್ಲಿ ಅವರಿಗಿದ್ದ ನುರಿತ ಗುರಿ ಗೊತ್ತಿದ್ದವರು ಅವರಿಗೆ ಆ ಹೊಣೆ ಕೊಟ್ಟರು. ಐದನೆಯವರು 1971ರ ಪೂರ್ವ ರಂಗದಲ್ಲಿ ಮಡಿದ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ. ಶೌರ್ಯ ಪದಕದ ಲೆಕ್ಕದಿಂದ ನಾಯಕತ್ವ ಅಳೆಯುವುದು ಸರಿಯಲ್ಲ, ನಿಜ. ಆದರೆ ಹೊಣೆ ತಲೆಯ ಮೇಲೆ ಬಿದ್ದ ಕ್ಷಣದಲ್ಲಿ ಈ ದರ್ಜೆಯವರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಸಿಗುವುದಿಲ್ಲ.

ಇದೇ ಅವಧಿಯಲ್ಲಿ ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿನ ಸೇನೆಗೆ ಸಾರ್ಜೆಂಟ್, ಕಾರ್ಪೊರಲ್‌ಗಳ ಕರ್ತವ್ಯವನ್ನು ಮೊದಲು ಬರೆದುಕೊಟ್ಟದ್ದು 1779ರಲ್ಲಿ ಫಾನ್ ಸ್ಟಾಯ್ಬೆನ್‌ನ ‘ನೀಲಿ ಪುಸ್ತಕ’ ಎಂಬ ಕೈಪಿಡಿ. ಆದರೂ ಆಮೇಲೆ ಸುಮಾರು ಎರಡು ಶತಮಾನ ಎನ್‌ಸಿಒ ಕಲಿತದ್ದೆಲ್ಲ ತನ್ನ ರೆಜಿಮೆಂಟಿನಲ್ಲೇ. ವಿಯೆಟ್ನಾಂ ಆ ಪದ್ಧತಿಯ ಬುಡ ಅಲುಗಿಸಿತು. ಅನುಭವಿ ಸಾರ್ಜೆಂಟರು ಸತ್ತು, ಗಾಯಗೊಂಡು, ಅವಧಿ ಮುಗಿಸಿ ಹೋದಂತೆ ಸೇನೆ 1967ರಲ್ಲಿ ಫೋರ್ಟ್ ಬೆನ್ನಿಂಗ್‌ನಲ್ಲಿ ಕೆಲವೇ ತಿಂಗಳ ಕೋರ್ಸ್ ನಡೆಸಿ ಹೊಸಬರನ್ನೇ ನೇರವಾಗಿ ಸಾರ್ಜೆಂಟರನ್ನಾಗಿ ಮಾಡಿತು. ಹಳಬರು ಇವರನ್ನು ದಿಢೀರ್ ಸಾರ್ಜೆಂಟರೆಂದು ಆಡಿಕೊಂಡರು. ಯುದ್ಧದಲ್ಲಿ ಇವರಲ್ಲಿ ಅನೇಕರು ಚೆನ್ನಾಗಿಯೇ ನಡೆದುಕೊಂಡರು ಎನ್ನುವುದನ್ನು ಮರೆಯಬಾರದು. ಆ ಪಾಠದಿಂದ 1971ರಲ್ಲಿ ಎನ್‌ಸಿಒ ಶಿಕ್ಷಣ ವ್ಯವಸ್ಥೆ, ಮರುವರ್ಷ ಟೆಕ್ಸಸ್‌ನ ಫೋರ್ಟ್ ಬ್ಲಿಸ್‌ನಲ್ಲಿ ಸಾರ್ಜೆಂಟ್ ಮೇಜರ್‌ಗಳ ಅಕಾಡೆಮಿ ಬಂದವು. ಈಗ ಅಲ್ಲಿ ಪ್ರತಿ ದರ್ಜೆಗೂ ಒಂದು ಶಾಲೆ. 1966ರಿಂದ ಸೇನಾ ಮುಖ್ಯಸ್ಥರ ಪಕ್ಕದಲ್ಲೇ ಇಡೀ ಸೇನೆಯ ಸಾರ್ಜೆಂಟ್ ಮೇಜರ್ ಎಂಬ ಹುದ್ದೆಯೂ ಇದೆ.

ಇದಕ್ಕೆ ವ್ಯತಿರಿಕ್ತವಾಗಿ, ಸೋವಿಯತ್ ಸೇನೆಯ ಸಾರ್ಜೆಂಟ್ ಬಹುಮಟ್ಟಿಗೆ ಕಡ್ಡಾಯ ಸೇವೆಯ ಹುಡುಗ. ಎರಡು ವರ್ಷ ಮುಗಿದರೆ ಮನೆಗೆ. ಅವನ ಕೆಲಸವೆಲ್ಲ ಲೆಫ್ಟಿನೆಂಟರ ಮೇಲೆ ಬಿತ್ತು. ಬ್ಯಾರಕ್ಕಿನಲ್ಲಿ ಉಂಟಾದ ಖಾಲಿ ಜಾಗವನ್ನು ಹಿರಿಯ ಕಡ್ಡಾಯ ಸೈನಿಕರ ಗೂಂಡಾಗಿರಿ ತುಂಬಿತು. 1972ರಲ್ಲಿ ತಂದ ಪ್ರಾಪೊರ್ಶ್ಚಿಕ್ ದರ್ಜೆ ಉಗ್ರಾಣ, ತಾಂತ್ರಿಕ ಕೆಲಸಗಳಿಗೆ ಒದಗಿತೇ ಹೊರತು ಸೈನಿಕರ ನಾಯಕತ್ವಕ್ಕಲ್ಲ. ರಷ್ಯ 2009ರಲ್ಲಿ ಆ ದರ್ಜೆಯನ್ನು ರದ್ದುಮಾಡಿ, ನಾಲ್ಕು ವರ್ಷಗಳಲ್ಲಿ ಮರಳಿ ತಂದಿತು. ಅಧಿಕಾರ ಬಿಡಲೊಪ್ಪದ ಸೇನೆಗೆ ಶಾಲೆ ಕಟ್ಟಿಕೊಟ್ಟರೂ ಎನ್‌ಸಿಒ ಸಿಗುವುದಿಲ್ಲ ಎಂಬುದಕ್ಕೆ ಇದು ದೊಡ್ಡ ನಿದರ್ಶನ.

ಭಾರತದಲ್ಲಿ ಇಂದಿನ ಹವಾಲ್ದಾರ ರೂಪುಗೊಳ್ಳುವ ಹಾದಿ ಈ ಎರಡು ಮಾದರಿಗಳ ನಡುವೆ ಎಲ್ಲೋ ಇದೆ. ರೆಜಿಮೆಂಟಿನ ಕೇಂದ್ರದಲ್ಲಿ ಸೈನಿಕನಾದವನು ಬೆಟಾಲಿಯನ್‌ಗೆ ಬರುತ್ತಾನೆ. ಅಲ್ಲಿ ಚುರುಕಾದವರನ್ನು ಗುರುತಿಸಿ ಬಡ್ತಿಯ ಕೇಡರ್ ಎಂಬ ತರಬೇತಿಗೆ ಹಾಕುತ್ತಾರೆ. ಆಜ್ಞೆ ಕೊಡುವುದು, ನಕ್ಷೆ ಓದುವುದು, ಶಸ್ತ್ರಗಳ ಪಾಠ ಹೇಳುವುದು, ಸೆಕ್ಷನ್‌ನ ದಾಳಿ ಯೋಜಿಸುವುದು ಅಲ್ಲಿನ ಕಲಿಕೆ. ಜೊತೆಗೆ ಸೇನಾ ಶಿಕ್ಷಣದ ಪ್ರಮಾಣಪತ್ರ, ನಕ್ಷೆ ಪರೀಕ್ಷೆ, ವಾರ್ಷಿಕ ಗೋಪ್ಯ ವರದಿ, ಖಾಲಿ ಹುದ್ದೆ ಇವೆಲ್ಲ ಕೂಡಿಬಂದಾಗ ಮುಂದಿನ ಪಟ್ಟಿ. ಕಾಲ್ದಳದವರಿಗೆ ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್ ಹೆಸರಾಂತ ಪರೀಕ್ಷಾಕಣ. ಅಲ್ಲಿನ ಕಮಾಂಡೊ ಕೋರ್ಸಿನಲ್ಲಿ ಯುವ ಅಧಿಕಾರಿಗಳೂ ಎನ್‌ಸಿಒಗಳೂ ಒಂದೇ ಕಾಡಿನಲ್ಲಿ, ಅದೇ ಹಸಿವು ನಿದ್ದೆಗೇಡಿನಲ್ಲಿ ಪಳಗುತ್ತಾರೆ. ಜೆಸಿಒಗಳಿಗೂ ಹಿರಿಯ ಎನ್‌ಸಿಒಗಳಿಗೂ ಬರೇಲಿಯಲ್ಲಿ ಜೂನಿಯರ್ ಲೀಡರ್ಸ್ ಅಕಾಡೆಮಿ ಇದೆ. ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳೆಯರ ಮೊದಲ ತಂಡ ಸೈನಿಕರಾಗಿ ಹೊರಬಂತು. ಅಧಿಕಾರಿಗಳಾಗಿ ಅಲ್ಲದೆ ಸಿಪಾಯಿ ದರ್ಜೆಯಲ್ಲಿ ಸೇರಿದ ಈ ಮಹಿಳೆಯರಿಗೂ ನಾಯಕ್, ಹವಾಲ್ದಾರಿಕೆಯ ಹಾದಿ ತೆರೆದಿದೆ.

ವ್ಯವಸ್ಥೆಯಲ್ಲಿ ಕುಂದುಗಳಿವೆ. ಬಡ್ತಿಯಲ್ಲಿ ಹಿರಿತನದ ತೂಕ ಈಗಲೂ ಹೆಚ್ಚು. ಸೀತಾರಾಮನ ಕಾಲದಷ್ಟಲ್ಲದಿದ್ದರೂ, ಹವಾಲ್ದಾರನಾಗುವ ಹೊತ್ತಿಗೆ ಮನುಷ್ಯ ಮೂವತ್ತು ದಾಟಿರುವುದು ಸಾಮಾನ್ಯ. ಬೆಟ್ಟ ಹತ್ತುವ ಗಸ್ತಿನ ಮುಂದಾಳಿಗೆ ಇದು ತಡವಾದ ವಯಸ್ಸು. 2008ರಿಂದ 8, 16, 24 ವರ್ಷಗಳ ಸೇವೆಗೆ ಮೇಲಿನ ದರ್ಜೆಯ ಸಂಬಳ ಸಿಗುವ ವ್ಯವಸ್ಥೆ ಇದೆ. ಬಡ್ತಿ ಸಿಗದವನ ಮನೆಗೆ ಅದು ನೆರವು, ಒಳ್ಳೆಯದೇ. ಆದರೆ ಸಂಬಳದ ದರ್ಜೆ, ತೋಳಿನ ದರ್ಜೆ, ಹೊಣೆಯ ದರ್ಜೆ ಮೂರೂ ಬೇರೆಬೇರೆಯಾಗುವ ಗೊಂದಲವೂ ಅದರ ಜೊತೆಗೇ ಬಂದಿದೆ.

ಹೆಚ್ಚು ಆಳದ ತೊಂದರೆ ಅಧಿಕಾರದ ಹಂಚಿಕೆಯದು. ಕಾಶ್ಮೀರ ಮತ್ತು ಈಶಾನ್ಯದ ಕಾರ್ಯಾಚರಣೆಗಳಲ್ಲಿ ಹತ್ತು ಹದಿನೈದು ಜನರ ಗಸ್ತಿಗೂ ಯುವ ಅಧಿಕಾರಿಯನ್ನೇ ಕಳಿಸುವ ರೂಢಿ ಬೆಳೆಯಿತು. ತಪ್ಪಿದರೆ ವಿಚಾರಣೆ, ಮಾನವ ಹಕ್ಕುಗಳ ದೂರು, ಪತ್ರಿಕೆಯ ಸುದ್ದಿ. ಅದಕ್ಕೆ ಅಧಿಕಾರಿಯೇ ಇರಲಿ ಎಂಬ ಎಚ್ಚರಿಕೆ. ಅಧಿಕಾರಿಗಳು ಮುಂದೆ ನಿಂತು ಪ್ರಾಣ ಕೊಟ್ಟರು, ಅದರ ಗೌರವ ಅವರಿಗೆ ಸಲ್ಲಬೇಕು. ಆದರೆ ಸುಬೇದಾರನ ಕೆಲಸವನ್ನು ಕ್ಯಾಪ್ಟನ್ ಮಾಡಿದರೆ ಹವಾಲ್ದಾರನ ಕೆಲಸ ಸುಬೇದಾರನಿಗೆ ಬರುತ್ತದೆ, ಹವಾಲ್ದಾರನಿಗೆ ಉಳಿಯುವುದು ಹಾಜರಿ ಪುಸ್ತಕ. ಸೇನೆಯ ಒಳಗಿನವರೇ ಈ ಟೀಕೆಯನ್ನು ಅನೇಕ ಸಲ ಮಾಡಿದ್ದಾರೆ. ಅಮೆರಿಕದ ಮರೀನ್ ಜನರಲ್ ಚಾರ್ಲ್ಸ್ ಕ್ರುಲಾಕ್ 1999ರಲ್ಲಿ ಬರೆದ ಲೇಖನವೊಂದರ ವಾದ ಇದಕ್ಕೆ ನೇರ ವಿರುದ್ಧ. ಬೀದಿಯ ತಿರುವಿನಲ್ಲಿ ನಿಂತ ಕಾರ್ಪೊರಲ್‌ನ ಒಂದು ತೀರ್ಮಾನ ದೇಶದ ನೀತಿಯನ್ನೇ ಏರುಪೇರು ಮಾಡಬಲ್ಲದು. ಹಾಗಾಗಿ ಅವನಿಂದ ತೀರ್ಮಾನ ಕಿತ್ತುಕೊಳ್ಳದೆ ಅದಕ್ಕೆ ಅವನನ್ನು ಸಿದ್ಧಗೊಳಿಸಬೇಕು ಎಂಬುದು ಅವರ ನಿಲುವು.

ಭೂಗೋಳವೇ ಅಧಿಕಾರ ಬಿಟ್ಟುಕೊಡುವಂತೆ ಮಾಡಿದ ಕಡೆ ಚಿತ್ರ ಬೇರೆ. ಸಿಯಾಚಿನ್‌ನ ಎತ್ತರದ ಠಾಣೆಗಳಲ್ಲಿ ಕೆಲವೇ ಜನ, ತಿಂಗಳುಗಟ್ಟಲೆ, ಹಿಮದ ಗುಡಾರಗಳಲ್ಲಿ ಇರುತ್ತಾರೆ. ಪ್ರತಿಯೊಂದಕ್ಕೂ ಅಧಿಕಾರಿಯನ್ನು ಕೊಡಲಾಗದು. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮಗೋಡೆ ಕುಸಿದಾಗ ಅಲ್ಲಿದ್ದದ್ದು 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಜನ. ನಾಯಕತ್ವ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್ ಅವರದು. ಆರು ದಿನಗಳ ನಂತರ ಹಿಮದಡಿಯಲ್ಲಿ ಜೀವಂತ ಸಿಕ್ಕು, ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ಹತ್ತು ಜನರಲ್ಲಿ ಸುಬೇದಾರ, ಹವಾಲ್ದಾರ, ಲ್ಯಾನ್ಸ್ ನಾಯಕ್, ಸಿಪಾಯಿ ಎಲ್ಲರೂ ಇದ್ದರು, ಅಧಿಕಾರಿ ಇರಲಿಲ್ಲ. ಯಾರಿಗೆ ತಲೆಸುತ್ತು, ಯಾರು ಊಟ ಬಿಟ್ಟಿದ್ದಾರೆ, ಯಾರ ಬೆರಳು ಮರಗಟ್ಟಿದೆ ಎಂಬುದನ್ನು ದಿನವೂ ನೋಡಿ ತೀರ್ಮಾನಿಸುವ ಕೆಲಸ ಅಂಥ ಠಾಣೆಗಳಲ್ಲಿ ಜೆಸಿಒ ಮತ್ತು ಹವಾಲ್ದಾರನದು.

ಸಿಪಾಯಿ ದರ್ಜೆಯಿಂದ ಅಧಿಕಾರಿಯಾಗುವ ದಾರಿ ಇನ್ನೊಂದು ವಿಚಾರ. 1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಆರಂಭವಾದಾಗ ಮೊದಲ ತಂಡದ 40 ಜನರಲ್ಲಿ 15 ಸ್ಥಾನ ಸೇನೆಯ ಸಿಪಾಯಿ ದರ್ಜೆಯಿಂದ ಬಂದವರಿಗೆ ಮೀಸಲಾಗಿದ್ದವು. ಸ್ಯಾಮ್ ಮಾಣೆಕ್‌ಷಾ ಅವರ ಸಹಪಾಠಿ ಮುಹಮ್ಮದ್ ಮೂಸಾ ಹಾಗೆ ಬಂದವರು. ಅವರು ಮುಂದೆ ಪಾಕಿಸ್ತಾನ ಸೇನೆಯ ಮುಖ್ಯಸ್ಥರಾದರು. ಈಗ ಆ ಕೆಲಸವನ್ನು ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ಮಾಡುತ್ತಿದೆ. ಹಿರಿಯ ಜೆಸಿಒಗಳಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳಂದು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ದರ್ಜೆ ಕೊಡುವ ಪದ್ಧತಿಯೂ ಇದೆ. ಕಾರ್ಗಿಲ್‌ನ ಪರಮವೀರರಾದ ಯೋಗೇಂದ್ರ ಸಿಂಗ್ ಯಾದವ್, ಸಂಜಯ್ ಕುಮಾರ್ ಇಬ್ಬರೂ ಸಿಪಾಯಿ ದರ್ಜೆಯಿಂದ ಸುಬೇದಾರ್ ಮೇಜರ್‌ವರೆಗೆ ಏರಿದವರು. ಚುರುಕಾದವರನ್ನೆಲ್ಲ ಅಧಿಕಾರಿಗಳನ್ನಾಗಿ ಮಾಡಿದರೆ ಹವಾಲ್ದಾರರ ಸಾಲು ಬಡವಾಗುತ್ತದೆ, ಯಾರನ್ನೂ ಮಾಡದಿದ್ದರೆ ಚುರುಕಾದವರು ಸೇನೆಗೆ ಬರುವುದೇ ಇಲ್ಲ. ಎಲ್ಲ ಸೇನೆಗಳಿಗೂ ಇರುವ ಇಕ್ಕಟ್ಟು ಇದು.

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆ ಇಡೀ ವ್ಯವಸ್ಥೆಯ ಅಡಿಪಾಯವನ್ನೇ ಮುಟ್ಟಿದೆ. ಅದರ ಪ್ರಕಾರ ಅಗ್ನಿವೀರನ ಸೇವೆ ನಾಲ್ಕು ವರ್ಷ. ಆ ನಂತರ ಶೇ 25ರವರೆಗೆ ಮಾತ್ರ ಖಾಯಂ ಆಗಿ ಉಳಿಯಬಹುದು, ಅವರು ಕನಿಷ್ಠ ಇನ್ನೂ 15 ವರ್ಷ ಸೇವೆ ಸಲ್ಲಿಸಬೇಕು. ಹಿಂದೆ ಒಬ್ಬನಿಗೆ ಮುಂದಾಳುತನ ಇದೆಯೇ ಎಂದು ನೋಡಲು ಪಲ್ಟನ್ನಿಗೆ ಆರೆಂಟು ವರ್ಷ ಸಿಗುತ್ತಿತ್ತು. ಈಗ ನಾಲ್ಕರೊಳಗೆ, ಅದರಲ್ಲೂ ತರಬೇತಿ ಮತ್ತು ರಜೆ ಕಳೆದು ಉಳಿದ ಅವಧಿಯಲ್ಲಿ, ಅದನ್ನು ಗುರುತಿಸಬೇಕು. ಗುರುತಿಸುವ ಕೆಲಸ ಕಾಗದದ ಮೇಲೆ ಅಧಿಕಾರಿಯದಾದರೂ, ಹುಡುಗನನ್ನು ಹತ್ತಿರದಿಂದ ಬಲ್ಲವನು ಅವನ ಸೆಕ್ಷನ್ ಕಮಾಂಡರ್. ನಾಳಿನ ನಾಯಕ್, ಹವಾಲ್ದಾರರನ್ನು ಆರಿಸುವಲ್ಲಿ ಇಂದಿನ ಹವಾಲ್ದಾರನ ಮಾತಿಗೆ ಹಿಂದೆಂದೂ ಇಲ್ಲದ ತೂಕ ಬಂದಿದೆ. ನಾಲ್ವರಲ್ಲಿ ಒಬ್ಬನಷ್ಟೇ ಉಳಿಯುವ ಸೆಕ್ಷನ್‌ನಲ್ಲಿ ಹುಡುಗರು ಪರಸ್ಪರ ಜೊತೆಗಾರರಾಗಿರುವಂತೆ ನೋಡಿಕೊಳ್ಳುವ ಹೊಸ ಕಷ್ಟವೂ ಅವನ ಪಾಲಿಗೆ ಸೇರಿದೆ. ಮೊದಲ ತಂಡಗಳ ತರಬೇತಿ ಶುರುವಾದದ್ದು 2023ರ ಜನವರಿಯ ಸುಮಾರಿಗೆ. ಅವರ ನಾಲ್ಕು ವರ್ಷ ತುಂಬಿ, ಉಳಿದವರು ಒಂದೊಂದೇ ಪಟ್ಟಿ ಏರಿ ಸೆಕ್ಷನ್‌ಗಳನ್ನು ವಹಿಸಿಕೊಳ್ಳುವುದು 2030ರ ದಶಕದಲ್ಲಿ.